ದುರಸ್ತಿಯನ್ನೇ ಕೆಡಿಸಿ ಮಾಡಿದ ದುರಸ್ತಿ

ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎ ಸುಮಾರು 46 ಲಕ್ಷ ಅಕ್ಷರಗಳಷ್ಟು ಉದ್ದ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ, ಎದುರುಬದುರಾಗಿ ಎರಡು ಎಳೆ. ಒಂದರಲ್ಲಿ ಎ ಇದ್ದರೆ ಎದುರಿಗೆ ಟಿ, ಜಿ ಇದ್ದರೆ ಎದುರಿಗೆ ಸಿ. ಕೋಶ ಎರಡಾಗುವ ಮೊದಲು ಇದಿಷ್ಟೂ ನಕಲಾಗಬೇಕು. ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವ ಸೆಕೆಂಡಿಗೆ ಸಾವಿರದ ಆಸುಪಾಸು ಅಕ್ಷರ ಪೋಣಿಸುತ್ತದೆ. ಒಂದೇ ಜಾಗದಿಂದ ಹೊರಟು ಎರಡೂ ದಿಕ್ಕಿಗೆ ಕೆಲಸ ಸಾಗುವುದರಿಂದ ನಲವತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇಷ್ಟು ಅವಸರದಲ್ಲಿಯೂ ಸಾವಿರ ಕೋಶ ಹುಟ್ಟಿದರೆ ಸರಾಸರಿ ಒಂದರಲ್ಲಿ ಒಂದು ಅಕ್ಷರ ತಪ್ಪಾಗಿರುತ್ತದೆ, ಅಷ್ಟೇ.

ಈ ನಿಖರತೆ ಒಂದೇ ಕಿಣ್ವದ್ದಲ್ಲ. ಪಾಲಿಮರೇಸ್ ಅಕ್ಷರ ಆರಿಸುವಾಗ ಲಕ್ಷಕ್ಕೆ ಒಂದರಂತೆ ಎಡವುತ್ತದೆ. ಎಡವಿದ್ದು ಗೊತ್ತಾದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದು, ತಾನು ಈಗಷ್ಟೇ ಸೇರಿಸಿದ ಅಕ್ಷರವನ್ನು ಕಿತ್ತುಹಾಕುವ ಭಾಗವೂ ಅದಕ್ಕಿದೆ. ಆಗ ತಪ್ಪು ನೂರು ಪಟ್ಟಿನಷ್ಟು ಇಳಿಯುತ್ತದೆ. ಅದನ್ನೂ ದಾಟಿ ಉಳಿದದ್ದನ್ನು ಮ್ಯೂಟ್-ಎಸ್, ಮ್ಯೂಟ್-ಎಲ್, ಮ್ಯೂಟ್-ಎಚ್ ಎಂಬ ಮೂರು ಪ್ರೋಟೀನುಗಳು ಹಿಂದಿನಿಂದ ಬಂದು ಹಿಡಿಯುತ್ತವೆ. ಹೊಂದದ ಜೋಡಿ ಇರುವಲ್ಲಿ ಡಿಎನ್‌ಎ ಸ್ವಲ್ಪ ಸೊಟ್ಟಗಾಗಿರುತ್ತದೆ. ಮ್ಯೂಟ್-ಎಸ್ ಆ ಸೊಟ್ಟನ್ನು ಗುರುತಿಸುತ್ತದೆ.

ಆದರೆ ಎರಡು ಅಕ್ಷರ ಹೊಂದುತ್ತಿಲ್ಲ ಎಂದು ತಿಳಿದರೆ ಸಾಲದು, ಅವುಗಳಲ್ಲಿ ತಪ್ಪು ಯಾವುದು ಎಂದೂ ತಿಳಿಯಬೇಕು. ಇ. ಕೋಲಿ ಅದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ತನ್ನ ಡಿಎನ್‌ಎಯಲ್ಲಿ ಜಿಎಟಿಸಿ ಎಂಬ ನಾಲ್ಕಕ್ಷರ ಬಂದಲ್ಲೆಲ್ಲ ಅದು ಒಂದು ಮೀಥೈಲ್ ಗುರುತು ಹಾಕಿಟ್ಟಿರುತ್ತದೆ. ಈಗ ತಾನೆ ಹುಟ್ಟಿದ ಎಳೆಗೆ ಆ ಗುರುತು ಬೀಳುವುದು ಸ್ವಲ್ಪ ತಡವಾಗಿ. ಆದ್ದರಿಂದ ಗುರುತಿಲ್ಲದ್ದೇ ಹೊಸ ಎಳೆ, ಕತ್ತರಿಸಬೇಕಾದದ್ದು ಅದನ್ನೇ. ಈ ಇಡೀ ವ್ಯವಸ್ಥೆಯನ್ನು ಬಿಡಿಬಿಡಿ ಪ್ರೋಟೀನುಗಳಿಂದ ಗಾಜಿನ ನಳಿಕೆಯಲ್ಲಿ ಮರಳಿ ಕಟ್ಟಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇಂಥ ಕಾವಲು ಕಿಣ್ವಗಳ ಜೀನುಗಳೂ ಅದೇ ಡಿಎನ್‌ಎಯಲ್ಲಿ ಬರೆದಿಟ್ಟವು. ನಕಲಾಗುವಾಗ ಅವುಗಳಲ್ಲಿಯೂ ತಪ್ಪು ಬೀಳಬಹುದು. ಬಿದ್ದರೆ ಮುಂದೇನು? ಇದಕ್ಕೆ ಉತ್ತರ ಒಂದು ಪ್ರಯೋಗಾಲಯದ ಸೀಸೆಗಳಲ್ಲಿ, ದಶಕಗಳ ಕಾಲ, ಕಣ್ಣೆದುರಿಗೇ ನಡೆದುಹೋಗಿದೆ.

ಹನ್ನೆರಡು ಸೀಸೆ

1988ರ ಫೆಬ್ರುವರಿಯಲ್ಲಿ ಅಮೆರಿಕದ ರಿಚರ್ಡ್ ಲೆನ್ಸ್ಕಿ ಒಂದೇ ಮೂಲದ ಇ. ಕೋಲಿಯನ್ನು ಹನ್ನೆರಡು ಸೀಸೆಗಳಿಗೆ ಹಂಚಿದರು. ಒಂದೊಂದರಲ್ಲಿಯೂ ಹತ್ತು ಮಿಲಿಲೀಟರ್ ದ್ರವ, ಅದರಲ್ಲಿ ಒಂದಿಷ್ಟೇ ಗ್ಲೂಕೋಸ್, 37 ಡಿಗ್ರಿ ಶಾಖ. ಮರುದಿನ ಆ ಹತ್ತರಲ್ಲಿ 0.1 ಮಿಲಿಲೀಟರ್ ಮಾತ್ರ ಹೊಸ ಸೀಸೆಗೆ. ಮೂಲದ ನೂರನೇ ಒಂದು ಪಾಲು ಮತ್ತೆ ನೂರು ಪಟ್ಟು ಬೆಳೆಯಬೇಕು, ಅಂದರೆ ದಿನಕ್ಕೆ ಆರೂವರೆಗಿಂತ ತುಸು ಹೆಚ್ಚು ಪೀಳಿಗೆ. ಐನೂರು ಪೀಳಿಗೆಗೊಮ್ಮೆ ಮಾದರಿಯನ್ನು ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಬೇಕೆಂದಾಗ ಹಳೆಯ ಪೀಳಿಗೆಯನ್ನು ಎಬ್ಬಿಸಿ ಹೊಸದರ ಎದುರು ಪೈಪೋಟಿಗೆ ಬಿಡಬಹುದು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಶುರುವಾದ ಈ ಪ್ರಯೋಗ ಮುಂದೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಯಿತು. 2022ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ಗೆ, ಜೆಫ್ರಿ ಬ್ಯಾರಿಕ್ ಅವರ ಕೈಗೆ ಬಂತು.

ದಿನದ ಕೊನೆಗೆ ಒಂದು ಸೀಸೆಯಲ್ಲಿ ಸುಮಾರು 50 ಕೋಟಿ ಕೋಶಗಳಿರುತ್ತವೆ. ಸಾವಿರಕ್ಕೆ ಒಂದು ತಪ್ಪು ಎಂದು ಹಿಡಿದರೂ ದಿನವೊಂದಕ್ಕೆ ಐದು ಲಕ್ಷ ಹೊಸ ಮ್ಯುಟೇಶನ್. ಬಹುಪಾಲು ನಿರುಪದ್ರವಿ ಇಲ್ಲವೇ ಹಾನಿಕರ. ಎಲ್ಲೋ ಒಂದು, ಆ ಬಡ ಗ್ಲೂಕೋಸಿನಲ್ಲಿ ನೆರೆಯವರಿಗಿಂತ ಬೇಗ ಬೆಳೆಯಲು ನೆರವಾಗುತ್ತದೆ. ಅಂಥದ್ದು ಸಿಕ್ಕ ಕೋಶದ ಸಂತಾನ ಕ್ರಮೇಣ ಇಡೀ ಸೀಸೆಯನ್ನು ಆಕ್ರಮಿಸುತ್ತದೆ.

1997ರಲ್ಲಿ ಪಾಲ್ ಸ್ನಿಗೋವ್ಸ್ಕಿ, ಫಿಲಿಪ್ ಗೆರಿಶ್ ಮತ್ತು ಲೆನ್ಸ್ಕಿ ಒಂದು ವರದಿ ಪ್ರಕಟಿಸಿದರು. ಹತ್ತು ಸಾವಿರ ಪೀಳಿಗೆಯೊಳಗೆ ಹನ್ನೆರಡರಲ್ಲಿ ಮೂರು ಸೀಸೆಗಳ ಬ್ಯಾಕ್ಟೀರಿಯಾ ಮಿತಿಮೀರಿ ತಪ್ಪು ಮಾಡುವಂಥವಾಗಿದ್ದವು. ಐವತ್ತು ಸಾವಿರ ಪೀಳಿಗೆಯ ಹೊತ್ತಿಗೆ ಅಂಥ ಸೀಸೆಗಳು ಆರಾದವು. ಕೆಲವು ಮ್ಯೂಟ್-ಎಸ್ ಅಥವಾ ಮ್ಯೂಟ್-ಎಲ್ ಕಳೆದುಕೊಂಡಿದ್ದವು. ಇಲ್ಲಿ ನಮಗೆ ಬೇಕಾದ ಸೀಸೆಯಲ್ಲಿ ಕೆಟ್ಟಿದ್ದು ಮ್ಯೂಟ್-ಟಿ ಎಂಬ ಜೀನು.

ತಪ್ಪು ಹೆಚ್ಚು ಮಾಡುವ ಕೋಶ ಗೆಲ್ಲುವುದು ಹೇಗೆ? ಕಾವಲು ಕೆಟ್ಟದ್ದರಿಂದ ನೇರ ಲಾಭವೇನೂ ಇಲ್ಲ. ಆದರೆ ಕಾವಲಿಲ್ಲದ ಕೋಶ ಎಲ್ಲ ಬಗೆಯ ಮ್ಯುಟೇಶನ್‌ಗಳನ್ನೂ ಹೆಚ್ಚು ಹುಟ್ಟಿಸುತ್ತದೆ, ಆ ಅಪರೂಪದ ಒಳ್ಳೆಯದನ್ನೂ. ಅದು ಹುಟ್ಟುವುದು ಕೆಟ್ಟ ಜೀನು ಇರುವ ಅದೇ ಡಿಎನ್‌ಎಯಲ್ಲಿ. ಈ ಸೀಸೆಗಳಲ್ಲಿ ಕೋಶಗಳ ನಡುವೆ ಜೀನುಗಳ ಕೊಡುಕೊಳ್ಳುವಿಕೆ ಇಲ್ಲ, ಎರಡನ್ನೂ ಬೇರ್ಪಡಿಸುವವರಿಲ್ಲ. ಒಳ್ಳೆಯದು ಗೆದ್ದರೆ ಕೆಟ್ಟದ್ದೂ ಅದರ ಬೆನ್ನೇರಿ ಗೆಲ್ಲುತ್ತದೆ. ವಿಕಾಸ ಮುಂದಾಲೋಚಿಸಿ ತಪ್ಪಿನ ಪ್ರಮಾಣ ಏರಿಸಿತು ಎಂದು ಇದನ್ನು ವಿವರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಮುಂದಾಲೋಚನೆಗೆ ಜಾಗವೇ ಇಲ್ಲ, ಇರುವುದು ಒಟ್ಟಿಗೆ ಸಾಗಿಬಂದ ಎರಡು ಆಕಸ್ಮಿಕ.

ಕೆಟ್ಟ ಜಿ

ಮ್ಯೂಟ್-ಟಿ ಮಾಡುವ ಕೆಲಸವೇನೆಂದು ತಿಳಿಯಬೇಕಾದರೆ ಆಮ್ಲಜನಕದ ಉಪಟಳದಿಂದ ಶುರುಮಾಡಬೇಕು. ಉಸಿರಾಡುವ ಯಾವ ಕೋಶದಲ್ಲಿಯೂ ಚುರುಕಾದ ಆಮ್ಲಜನಕದ ತುಣುಕುಗಳು ಹುಟ್ಟುತ್ತಲೇ ಇರುತ್ತವೆ. ನಾಲ್ಕು ಅಕ್ಷರಗಳಲ್ಲಿ ಅವುಗಳ ದಾಳಿಗೆ ಬೇಗ ತುತ್ತಾಗುವುದು ಜಿ, ಅಂದರೆ ಗ್ವಾನಿನ್. ಹಾಗೆ ಕೆಟ್ಟ ಜಿಯನ್ನು ಆಕ್ಸೊ-ಜಿ ಎನ್ನೋಣ. ಅದರ ತೊಂದರೆ ಇಷ್ಟೇ: ಅದು ಸಿಯ ಜೊತೆಗೂ ಹೊಂದುತ್ತದೆ, ಎಯ ಜೊತೆಗೂ ಹೊಂದುತ್ತದೆ.

ಇದು ಎರಡು ದಾರಿಯಲ್ಲಿ ಡಿಎನ್‌ಎಗೆ ಬರುತ್ತದೆ. ಡಿಎನ್‌ಎಯಲ್ಲಿ ಆಗಲೇ ಇರುವ ಜಿ ಅಲ್ಲಿಯೇ ಕೆಡುವುದು ಮೊದಲನೆಯದು. ನಕಲಿಗೆಂದು ಕೋಶದಲ್ಲಿ ತೇಲಾಡುತ್ತಿರುವ ಬಿಡಿ ಜಿ ಕೆಟ್ಟು, ಪಾಲಿಮರೇಸ್ ಅದನ್ನೇ ಎತ್ತಿ ಪೋಣಿಸಿಬಿಡುವುದು ಎರಡನೆಯದು. ಇವನ್ನು ತಡೆಯಲು ಮೂರು ಕಿಣ್ವಗಳಿವೆ, ಮೂರರ ಕೆಲಸವೂ ಬೇರೆ.

ಮ್ಯೂಟ್-ಎಂ ಸಿಯ ಎದುರಿರುವ ಆಕ್ಸೊ-ಜಿಯನ್ನು ಹುಡುಕಿ ಕತ್ತರಿಸುತ್ತದೆ. ಖಾಲಿ ಜಾಗಕ್ಕೆ ಒಳ್ಳೆಯ ಜಿ ಬರುತ್ತದೆ. ಮ್ಯೂಟ್-ಎಂ ಬರುವುದರೊಳಗೆ ನಕಲು ನಡೆದುಹೋದರೆ ಆಕ್ಸೊ-ಜಿಯ ಎದುರು ಎ ಕೂತಿರಬಹುದು. ಆಗ ಬರುವುದು ಮ್ಯೂಟ್-ವೈ. ಅದು ಆಕ್ಸೊ-ಜಿಯನ್ನು ಮುಟ್ಟುವುದಿಲ್ಲ, ಎದುರಿನ ಎಯನ್ನು ತೆಗೆಯುತ್ತದೆ. ಕೊಳೆತದ್ದನ್ನು ಬಿಟ್ಟು ಒಳ್ಳೆಯದನ್ನು ತೆಗೆಯುವುದೇಕೆ? ಆಕ್ಸೊ-ಜಿಯನ್ನು ತೆಗೆದರೆ ಎದುರಿನ ಎಗೆ ತಕ್ಕಂತೆ ಅಲ್ಲಿ ಟಿ ಬಂದು ಕೂತು ತಪ್ಪು ಶಾಶ್ವತವಾಗುತ್ತದೆ. ಎಯನ್ನು ತೆಗೆದರೆ ಅಲ್ಲಿಗೆ ಸಿ ಬರುವ ಅವಕಾಶವಿದೆ, ಸಿ ಬಂದರೆ ಮ್ಯೂಟ್-ಎಂಗೆ ಇನ್ನೊಂದು ಸರದಿ ಸಿಗುತ್ತದೆ.

ಮೂರನೆಯದು ಮ್ಯೂಟ್-ಟಿ. ಇದು ಡಿಎನ್‌ಎಯ ಹತ್ತಿರಕ್ಕೇ ಹೋಗುವುದಿಲ್ಲ. ತೇಲಾಡುವ ಬಿಡಿ ಆಕ್ಸೊ-ಜಿಗೆ ಅಂಟಿರುವ ಮೂರು ಫಾಸ್ಫೇಟುಗಳಲ್ಲಿ ಎರಡನ್ನು ಕಳಚಿ, ಪಾಲಿಮರೇಸಿಗೆ ಬಳಸಲಾಗದಂತೆ ಮಾಡುತ್ತದೆ. ಈ ಜೀನು ಕೆಟ್ಟ ಇ. ಕೋಲಿ ತಳಿಯನ್ನು ಹೆನ್ರಿ ಟ್ರೆಫರ್ಸ್ ಮತ್ತು ಸಂಗಡಿಗರು 1954ರಲ್ಲೇ ವರ್ಣಿಸಿದ್ದರು. ಆ ತಳಿಯಲ್ಲಿ ಎ-ಟಿ ಜೋಡಿಗಳು ಸಿ-ಜಿ ಜೋಡಿಗಳಾಗುತ್ತವೆ, ಬಹುತೇಕ ಅದೊಂದೇ ಬಗೆಯ ತಪ್ಪು ಎಂಬುದು 1966ರ ಹೊತ್ತಿಗೆ ಚಾರ್ಲ್ಸ್ ಯಾನೋಫ್ಸ್ಕಿ ಅವರ ಗುಂಪಿಗೆ ಗೊತ್ತಾಗಿತ್ತು. ಕಾರಣ ತಿಳಿದದ್ದು 1992ರಲ್ಲಿ, ಜಪಾನಿನ ಹಿಸಾಜಿ ಮಾಕಿ ಮತ್ತು ಮುತ್ಸುಓ ಸೆಕಿಗುಚಿ ಆ ಪ್ರೋಟೀನು ಏನನ್ನು ಕಳಚುತ್ತದೆ ಎಂದು ತೋರಿಸಿದಾಗ. ತಪ್ಪು ತಿಳಿದು, ತಪ್ಪಿನ ಕಾರಣ ತಿಳಿಯಲು ಮೂವತ್ತೆಂಟು ವರ್ಷ.

ಸೀಸೆಗೆ ಮರಳೋಣ. ಇಪ್ಪತ್ತು ಸಾವಿರ ಪೀಳಿಗೆ ಕಳೆದಾಗ ಆ ಸೀಸೆಯ ಒಂದು ಕೋಶದ ಡಿಎನ್‌ಎ ಓದಿದರೆ ಮೂಲಕ್ಕಿಂತ 45 ಕಡೆ ಬದಲಾವಣೆ ಕಂಡಿತು. ನಲವತ್ತು ಸಾವಿರದ ಹೊತ್ತಿಗೆ 653 ಕಡೆ. ನಡುವೆ, ಸುಮಾರು ಇಪ್ಪತ್ತಾರು ಸಾವಿರದ ಆಸುಪಾಸು, ಮ್ಯೂಟ್-ಟಿ ಜೀನಿನಲ್ಲಿ ಒಂದು ಅಕ್ಷರ ಹೆಚ್ಚಾಗಿ ನುಸುಳಿ ಅದರ ಓದೇ ಹಳಿ ತಪ್ಪಿತ್ತು. ತಪ್ಪಿನ ವೇಗ ನೂರೈವತ್ತು ಪಟ್ಟಿನಷ್ಟು ಏರಿತ್ತು.

ಮುಂದೆ ನಡೆದದ್ದನ್ನು 2013ರಲ್ಲಿ ಸೆಬಾಸ್ಟಿಯನ್ ವೀಲ್ಗಾಸ್ ಮತ್ತು ಸಂಗಡಿಗರು ಬಿಡಿಸಿ ಹೇಳಿದರು. ತಪ್ಪಿನ ವೇಗ ಒಂದು ಹಂತದಲ್ಲಿ ಇಳಿಯಿತು, ಶೇಕಡಾ 40ರಿಂದ 60ರಷ್ಟು. ಮ್ಯೂಟ್-ಟಿ ರಿಪೇರಿಯಾಗಿರಲಿಲ್ಲ. ಬದಲಿಗೆ ಮ್ಯೂಟ್-ವೈ ಕೆಟ್ಟಿತ್ತು! ಅದೂ ಒಂದೇ ಸಲವಲ್ಲ, ಎರಡು ಬೇರೆ ಬೇರೆ ವಂಶಗಳಲ್ಲಿ, ಪ್ರತ್ಯೇಕವಾಗಿ.

ಇನ್ನೊಂದು ಕಾವಲೂ ಕೆಟ್ಟರೆ ತಪ್ಪು ಹೆಚ್ಚಬೇಕಲ್ಲ, ಇಳಿದದ್ದು ಹೇಗೆ? ಮ್ಯೂಟ್-ವೈ ಏನು ಮಾಡುತ್ತದೆಂದು ನೆನಪಿಸಿಕೊಳ್ಳಿ: ಆಕ್ಸೊ-ಜಿಯ ಎದುರು ಎ ಕಂಡರೆ ಎಯನ್ನು ತೆಗೆಯುತ್ತದೆ. ಅದರ ಲೆಕ್ಕದಲ್ಲಿ ಆಕ್ಸೊ-ಜಿ ಹಳೆಯದು, ಎ ಹೊಸದಾಗಿ ಬಂದ ತಪ್ಪು. ಮ್ಯೂಟ್-ಟಿ ಸರಿಯಿರುವ ತನಕ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಮ್ಯೂಟ್-ಟಿ ಇಲ್ಲವಾದರೆ ಪರಿಸ್ಥಿತಿ ತಿರುವುಮುರುವು. ಈಗ ಕೆಟ್ಟ ಜಿ ಹೊಸ ಎಳೆಯಲ್ಲಿ ಬಂದು, ಹಳೆಯ ಎಳೆಯ ಸರಿಯಾದ ಎ ಎದುರು ಕೂರುತ್ತದೆ. ಮ್ಯೂಟ್-ವೈ ಎಂದಿನಂತೆ ಎಯನ್ನೇ ತೆಗೆಯುತ್ತದೆ, ಅಚ್ಚಿನ ತಪ್ಪಿಗೆ ಹೊಂದಲಿ ಎಂದು ಕರಡು ತಿದ್ದುವವನು ಲೇಖಕನ ಹಸ್ತಪ್ರತಿಯನ್ನೇ ತಿದ್ದಿದ ಹಾಗೆ. ಅಲ್ಲಿಗೆ ಸಿ ಬರುತ್ತದೆ, ಆಮೇಲೆ ಮ್ಯೂಟ್-ಎಂ ಬಂದು ಆಕ್ಸೊ-ಜಿ ತೆಗೆದು ಒಳ್ಳೆಯ ಜಿ ಕೂರಿಸುತ್ತದೆ. ಎ-ಟಿ ಇದ್ದ ಜಾಗದಲ್ಲಿ ಈಗ ಅಚ್ಚುಕಟ್ಟಾದ ಸಿ-ಜಿ. ಎರಡು ಕಿಣ್ವಗಳೂ ತಮ್ಮ ತಮ್ಮ ಕೆಲಸವನ್ನು ಲೋಪವಿಲ್ಲದೆ ಮಾಡಿ, ಸೇರಿ ಒಂದು ಮ್ಯುಟೇಶನ್ ಕಾಯಂ ಮಾಡಿದವು.

ಮ್ಯೂಟ್-ವೈ ಸುಮ್ಮನಿದ್ದರೆ ಹಳೆಯ ಎಳೆಯ ಎ ಉಳಿದುಕೊಳ್ಳುತ್ತದೆ. ಮುಂದಿನ ನಕಲಿನಲ್ಲಿ ಆ ಎಳೆಯಿಂದ ಹುಟ್ಟುವ ಕೋಶ ಸರಿಯಾಗಿಯೇ ಇರುತ್ತದೆ. ಕೆಟ್ಟ ಜಿ ಇರುವ ಎಳೆಯಿಂದ ಹುಟ್ಟುವ ಕೋಶ ಮಾತ್ರ ತಪ್ಪುವ ಅಪಾಯದಲ್ಲಿರುತ್ತದೆ. ತಪ್ಪು ಸುಮಾರು ಅರ್ಧಕ್ಕೆ ಇಳಿದದ್ದು ಈ ಲೆಕ್ಕಕ್ಕೆ ಹೊಂದುತ್ತದೆ. ಮ್ಯೂಟ್-ವೈ ಇಲ್ಲದ್ದರಿಂದ ಬೇರೆ ಬಗೆಯ ತಪ್ಪು, ಜಿ-ಸಿ ಹೋಗಿ ಟಿ-ಎ ಆಗುವುದು, ಸ್ವಲ್ಪ ಹೆಚ್ಚುತ್ತದೆ ನಿಜ. ಮ್ಯೂಟ್-ಟಿ ತಂದಿಟ್ಟ ಪ್ರವಾಹದ ಎದುರು ಅದು ಚಿಲ್ಲರೆ.

ಇಷ್ಟಕ್ಕೂ ತಪ್ಪು ಇಳಿಸುವ ಗರಜು ಈಗೇಕೆ ಬಂತು? ಮೊದಲ ಸಾವಿರಾರು ಪೀಳಿಗೆಗಳಲ್ಲಿ ಸೀಸೆಯ ಬದುಕಿಗೆ ಸುಲಭದ ಸುಧಾರಣೆಗಳು ಬೇಕಾದಷ್ಟಿದ್ದವು. ಅವು ಒಂದೊಂದಾಗಿ ಮುಗಿದ ಹಾಗೆ ಹೆಚ್ಚು ತಪ್ಪು ಮಾಡುವುದರ ಲಾಭ ಇಳಿಯಿತು. ಹಾನಿಕರ ಮ್ಯುಟೇಶನ್‌ಗಳ ಹೊರೆ ಇದ್ದಷ್ಟೇ ಇತ್ತು. ಆಗ ಹೊರೆ ಇಳಿಸುವ ಯಾವ ಬದಲಾವಣೆಯಾದರೂ ಗೆಲ್ಲುವಂತಾಯಿತು. ಮ್ಯೂಟ್-ಟಿ ಸರಿಯಾಗಬೇಕಾದರೆ ನುಸುಳಿದ ಅದೇ ಒಂದು ಅಕ್ಷರ ಹೊರಬೀಳಬೇಕು. ಮ್ಯೂಟ್-ವೈ ಕೆಡಲು ನೂರಾರು ಜಾಗಗಳಲ್ಲಿ ಎಲ್ಲಿ ಏಟು ಬಿದ್ದರೂ ನಡೆಯುತ್ತದೆ. ಸುಲಭದ್ದು ಮೊದಲು ಸಂಭವಿಸಿತು. ಡಿಎನ್‌ಎ ಕಾಯುವ ಕಿಣ್ವಗಳ ವಿಕಾಸವೆಂದರೆ ದಿನೇದಿನೇ ಉತ್ತಮವಾಗುತ್ತ ಹೋಗುವ ಮೆಟ್ಟಿಲು ಎಂದುಕೊಂಡವರಿಗೆ ಈ ಸೀಸೆ ತೋರಿಸುವುದು ಬೇರೆಯದನ್ನೇ. ಆಯ್ಕೆಯಾಗುವುದು ಕಿಣ್ವದ ಗುಣವಲ್ಲ, ಉಳಿದ ಕಿಣ್ವಗಳ ನಡುವೆ ಅದು ಕೊಡುವ ಫಲ.

ಸೀಸೆಯ ಹೊರಗೆ

ಹೊರಗಿನ ಲೋಕದಲ್ಲಿ ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ದಾರಿಯಿದೆ, ನೆರೆಯವರಿಂದ ಪಡೆಯುವುದು. ಎರಿಕ್ ಡೆನಮೂರ್ ಮತ್ತು ಸಂಗಡಿಗರು 2000ದಲ್ಲಿ ಬೇರೆ ಬೇರೆ ಇ. ಕೋಲಿ ತಳಿಗಳ ಮ್ಯೂಟ್-ಎಸ್‌ನಂಥ ಜೀನುಗಳನ್ನು ಹೋಲಿಸಿ ನೋಡಿದಾಗ ಅವು ಹಲವು ಮೂಲಗಳ ತುಂಡುಗಳಿಂದ ಕೂಡಿದವು ಎಂದು ಕಂಡಿತು. ಕಾವಲು ಕಳೆದುಕೊಂಡು, ಅಗತ್ಯ ತೀರಿದ ಮೇಲೆ ಇನ್ನೊಂದು ತಳಿಯ ಡಿಎನ್‌ಎ ತುಂಡಿನಿಂದ ಮರಳಿ ಗಳಿಸಿದ್ದರ ಗುರುತು ಅದು. ಇಲ್ಲಿ ಒಂದು ವಿಚಿತ್ರ ಸೌಕರ್ಯವೂ ಇದೆ. ಮ್ಯೂಟ್-ಎಸ್ ಸರಿಯಿದ್ದಾಗ ಪೂರ್ತಿ ಹೊಂದದ ಪರಕೀಯ ಡಿಎನ್‌ಎಯನ್ನು ಅದು ಒಳಸೇರಲು ಬಿಡುವುದಿಲ್ಲ. ಅದು ಇಲ್ಲದಾಗ ಬಾಗಿಲು ಸಡಿಲ. ಕಳೆದದ್ದೇ ಮರಳಿ ಬರುವುದಕ್ಕೆ ಅನುಕೂಲ.

ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಬೀಡುಬಿಡುವ ಸೂಡೊಮೊನಾಸ್ ಬ್ಯಾಕ್ಟೀರಿಯಾದಲ್ಲಿಯೂ ಕಾವಲು ಕೆಟ್ಟ ತಳಿಗಳು ಮತ್ತೆ ಮತ್ತೆ ಸಿಗುತ್ತವೆ. ಸ್ಪೇನಿನಲ್ಲಿ 30 ರೋಗಿಗಳನ್ನು ಪರೀಕ್ಷಿಸಿದಾಗ 11 ಜನರಲ್ಲಿ ಸಿಕ್ಕವು. ಅಲ್ಲಿ ಆಂಟಿಬಯಾಟಿಕ್ ಬದಲಾಗುತ್ತಿರುತ್ತದೆ, ರೋಗಿಯ ದೇಹದ ರಕ್ಷಣೆ ಎದುರಾಗುತ್ತದೆ. ಹೊಸ ಬದಲಾವಣೆಗೆ ಬೆಲೆ ಹೆಚ್ಚು.

ಹಾಗಿದ್ದರೆ ತಪ್ಪನ್ನು ಎಷ್ಟು ಕೆಳಕ್ಕೆ ಇಳಿಸಬಹುದು? ಸೊನ್ನೆಗೆ ಇಳಿಯುವುದಿಲ್ಲ. ವಿಕಾಸ ವಿಜ್ಞಾನಿ ಮೈಕೇಲ್ ಲಿಂಚ್ ಕೊಡುವ ವಿವರಣೆ ನನಗೆ ಹಿಡಿಸಿದೆ. ತಪ್ಪು ಕಡಿಮೆಯಾದಷ್ಟೂ ಅದನ್ನು ಇನ್ನಷ್ಟು ಇಳಿಸುವುದರ ಲಾಭ ತೀರಾ ಸಣ್ಣದಾಗುತ್ತದೆ. ಕೊನೆಗೆ ಆಕಸ್ಮಿಕದ ಏರಿಳಿತದಲ್ಲಿ ಆ ಲಾಭ ಕಾಣದಾಗುತ್ತದೆ. ಸಂಖ್ಯೆ ದೊಡ್ಡದಿರುವ ಜೀವಿಗಳಲ್ಲಿ ಆಯ್ಕೆಯ ಕಣ್ಣು ಹೆಚ್ಚು ಸೂಕ್ಷ್ಮ, ಆದ್ದರಿಂದ ತಪ್ಪಿನ ಪ್ರಮಾಣ ಕಡಿಮೆ.

ಕೆರೆನೀರಿನ ಪ್ಯಾರಮೀಸಿಯಂ ಇದಕ್ಕೆ ಸೊಗಸಾದ ಉದಾಹರಣೆ. ಅದೂ ಏಕಕೋಶಿಯೇ, ಆದರೆ ಅದಕ್ಕೆ ಎರಡು ಬಗೆಯ ಕೋಶಕೇಂದ್ರ. ದೊಡ್ಡದು ದಿನನಿತ್ಯದ ಕೆಲಸಕ್ಕೆ; ಸಣ್ಣದು ಮುಂದಿನ ಸಂತತಿಗೆಂದು ಕಾದಿಟ್ಟದ್ದು, ಅದರ ಜೀನುಗಳು ಆ ತನಕ ಬಳಕೆಯಾಗುವುದಿಲ್ಲ. ಕೋಶ ಹತ್ತಾರು ಸಲ ವಿಭಜಿಸಿದ ಮೇಲೆ ಒಮ್ಮೆ ಹಳೆಯ ದೊಡ್ಡದನ್ನು ಒಡೆದುಹಾಕಿ ಸಣ್ಣದರಿಂದ ಹೊಸದನ್ನು ಕಟ್ಟಿಕೊಳ್ಳುತ್ತದೆ. ಅಷ್ಟೂ ವಿಭಜನೆಗಳಲ್ಲಿ ಕೂಡಿಬಿದ್ದ ತಪ್ಪುಗಳ ಫಲ ಒಟ್ಟಿಗೇ ಅನುಭವಕ್ಕೆ ಬರುತ್ತದೆ. ಒಂದೊಂದು ವಿಭಜನೆಯಲ್ಲಿಯೂ ಅದರ ತಪ್ಪಿನ ಪ್ರಮಾಣ ಇ. ಕೋಲಿಯ ಹತ್ತನೇ ಒಂದರಷ್ಟು ಎಂದು 2012ರಲ್ಲಿ ಅಳೆದದ್ದು ಆಶ್ಚರ್ಯವಲ್ಲ. ಗಿಡಹೇನಿನ ಒಡಲಲ್ಲಿ ಸುರಕ್ಷಿತವಾಗಿ ಬದುಕುವ ಬುಕ್ನೆರಾ ಬ್ಯಾಕ್ಟೀರಿಯಾದ್ದು ವಿರುದ್ಧ ತುದಿ. ತಾಯಿಯಿಂದ ಮರಿಗೆ ಸಾಗುವುದು ಕೆಲವೇ ಕೋಶಗಳಾದ್ದರಿಂದ ಆಯ್ಕೆ ಮಂಕು. ಅದು ಒಡೆದ ಡಿಎನ್‌ಎ ಜೋಡಿಸುವ ರೆಕ್-ಎಯಂಥ ಪ್ರಮುಖ ಜೀನನ್ನೇ ಕಳೆದುಕೊಂಡು ಕೂತಿದೆ.

ಕ್ಷಯದ ಲೆಕ್ಕ

ಕ್ಷಯರೋಗದ ಬ್ಯಾಕ್ಟೀರಿಯಾದಲ್ಲಿ ಮ್ಯೂಟ್-ಎಸ್ ಇಲ್ಲ, ಮ್ಯೂಟ್-ಎಲ್ ಇಲ್ಲ. ಆದರೂ ಅದು ಮಿತಿಮೀರಿ ತಪ್ಪುವ ಜೀವಿಯಲ್ಲ. ಆ ಗುಂಪಿನಲ್ಲಿ ನ್ಯೂಕ್-ಎಸ್ ಎಂಬ ಪೂರಾ ಬೇರೆ ವಂಶದ ಕಿಣ್ವ ಹೊಂದದ ಜೋಡಿಗಳ ಕಾವಲಿಗಿದೆ ಎಂದು 2017ರಲ್ಲಿ ವರದಿಯಾಯಿತು. ಇದೇ ಕುಟುಂಬದ ಕಿಣ್ವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಲ್ಲಿಯೂ ಇದೆ. ಒಂದೇ ಕೆಲಸಕ್ಕೆ ಎರಡು ಕಡೆ ಎರಡು ಸಲ, ಸಂಬಂಧವಿಲ್ಲದ ಪ್ರೋಟೀನುಗಳಿಂದ ಪರಿಹಾರ ಹುಟ್ಟಿದೆ.

ಕ್ಷಯದ ರೋಗಾಣು ಅಡಗುವುದು ನಮ್ಮ ಮ್ಯಾಕ್ರೊಫೇಜ್ ಎಂಬ ರಕ್ಷಣಾಕೋಶಗಳ ಒಳಗೆ, ಆ ಕೋಶ ಅದರ ಮೇಲೆ ಚುರುಕಾದ ಆಮ್ಲಜನಕವನ್ನೂ ನೈಟ್ರಿಕ್ ಆಕ್ಸೈಡನ್ನೂ ಸುರಿಯುತ್ತಲೇ ಇರುತ್ತದೆ. ಆಕ್ಸೊ-ಜಿಯ ಕಾವಲು ಅದಕ್ಕೆ ಬಹಳ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರ ಗುಂಪು ಇದರ ಮೇಲೆ ಬಹುಕಾಲ ಕೆಲಸ ಮಾಡಿದೆ. ಇ. ಕೋಲಿಯ ಮ್ಯೂಟ್-ಟಿ ಒಂದೇ ಏಟಿಗೆ ಎರಡು ಫಾಸ್ಫೇಟ್ ಕಳಚಿದರೆ, ಕ್ಷಯದ ರೋಗಾಣುವಿನ ಮ್ಯೂಟ್-ಟಿ1 ಒಂದನ್ನು ಮಾತ್ರ ಕಳಚಿ ಬಿಡುತ್ತದೆ, ಮುಂದಿನದನ್ನು ಎಡಿಪಿಆರ್‌ಏಸ್ ಎಂಬ ಇನ್ನೊಂದು ಕಿಣ್ವ ಮುಗಿಸುತ್ತದೆ ಎಂದು ಅವರು 2013ರಲ್ಲಿ ತೋರಿಸಿದರು. ಈ ರೋಗಾಣುವಿನ ಡಿಎನ್‌ಎಯ ಶೇಕಡಾ 65ಕ್ಕೂ ಹೆಚ್ಚು ಅಕ್ಷರ ಜಿ ಅಥವಾ ಸಿ. ಹೀಗಾಗಿ ಕೆಡುವ ಜಿಯೂ ಹೆಚ್ಚು. ಸಿ ತಾನಾಗಿ ಯುರಾಸಿಲ್ ಆಗಿಬಿಡುವ ಇನ್ನೊಂದು ಬಗೆಯ ಹಾನಿಯೂ ಹೆಚ್ಚು. ಯುರಾಸಿಲ್ ತೆಗೆಯುವ ಕಿಣ್ವ ಇಲ್ಲದಂತೆ ಮಾಡಿದ, ರೋಗ ತರದ ಸೋದರ ತಳಿ ಮ್ಯಾಕ್ರೊಫೇಜಿನೊಳಗೆ ಉಳಿಯಲು ಕಷ್ಟಪಡುವುದನ್ನೂ ಇದೇ ಗುಂಪು ಕಂಡಿದೆ.

ಈ ರೋಗಾಣು ನೆರೆಯವರಿಂದ ಔಷಧಿನಿರೋಧದ ಜೀನು ಪಡೆಯುವುದಿಲ್ಲ. ಅದರ ನಿರೋಧವೆಲ್ಲ ತನ್ನದೇ ನಕಲಿನ ತಪ್ಪುಗಳಿಂದ ಬಂದದ್ದು. ಸ್ಥೂಲವಾಗಿ ಐಸೋನಿಯಜಿಡ್ ಎಂಬ ಔಷಧಿಯನ್ನು ತಾಳುವ ಕೋಶ ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್ ತಾಳುವುದು ಹತ್ತು ಕೋಟಿಗೆ ಒಂದು ಎನ್ನುತ್ತಾರೆ. ಶ್ವಾಸಕೋಶದ ಒಂದು ಕುಹರದಲ್ಲಿ ಹತ್ತು ಕೋಟಿ ರೋಗಾಣುಗಳಿರಬಹುದು. ಒಂದೇ ಔಷಧಿ ಕೊಟ್ಟರೆ ಅದನ್ನು ತಾಳುವ ಕೋಶ ಅಲ್ಲಿ ಚಿಕಿತ್ಸೆಗೆ ಮೊದಲೇ ಹುಟ್ಟಿರುತ್ತದೆ, ಉಳಿದವು ಸತ್ತ ಮೇಲೆ ಅದೇ ಬೆಳೆಯುತ್ತದೆ. ಎರಡನ್ನೂ ತಾಳುವುದು ನೂರು ಲಕ್ಷ ಕೋಟಿಗೆ ಒಂದು. ಅಷ್ಟು ರೋಗಾಣುಗಳು ಒಬ್ಬರ ಶ್ವಾಸಕೋಶದಲ್ಲಿ ಇರುವುದಿಲ್ಲ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳನ್ನು ಒಟ್ಟಿಗೇ ನುಂಗಿಸುವುದರ ಹಿಂದೆ ಇರುವುದು ಈ ಗುಣಾಕಾರ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ನುಂಗಿದ ದಿನಗಳಲ್ಲಿ ಗುಣಾಕಾರ ನಿಲ್ಲುತ್ತದೆ, ಹತ್ತು ಲಕ್ಷಕ್ಕೆ ಒಂದರ ಲೆಕ್ಕ ಮತ್ತೆ ಶುರುವಾಗುತ್ತದೆ.